ಹೌದಕ್ಕೆ ಹಾಕಿದ ಸುಣ್ಣ

ಮಳೆಗಾಲ ಮುಗಿದು ಸೀಗಿ ಹುಣ್ಣಿಮೆ ಹತ್ತಿರ ಬಂದಂತೆ ಗೌರಾಬಾಯಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಒಲೆಯ ಮೇಲೆ ಬೇಳೆ ಇಟ್ಟು ತೋಟಕ್ಕೆ ಓಡುವುದು, ಹೌದದ ನೀರು ನೋಡುವುದು, ಸೀದ ವಾಸನೆ ಬಂದಾಗ ತಿರುಗಿ ಓಡುವುದು. ಆ ವಾರ ಮನೆಮಂದಿಯೆಲ್ಲ ಸೀದ ಬೇಳೆಯನ್ನೇ ತಿಂದರು. ಅವಳ ಅತ್ತೆ ಅಕ್ಕನಾಗಮ್ಮ ಮಾತ್ರ ಏನೂ ಅನ್ನದೆ ತಿಂದಳು. ಆಕೆ ಸುಮ್ಮನಿದ್ದಾಳೆಂದರೆ ಹೆದರಬೇಕು ಎಂಬುದು ಆ ಮನೆಯ ಬೆಕ್ಕಿಗೂ ಗೊತ್ತಿತ್ತು.

ಹೌದವೆಂದರೆ ಈಸುವ ಹೌದ, ಮೆಟ್ಟಿಲಿಳಿಸಿದ ದೊಡ್ಡ ನೀರಿನ ತೊಟ್ಟಿ. ಟಿಕೋಟಾದ ಹೊರಗೆ, ತೋಟದ ಮನೆಯ ಹಿಂದೆ, ಬಾವಿಯ ಪಕ್ಕದಲ್ಲಿ ಗೌರಾಬಾಯಿಯ ಗಂಡ ಶಿವಯೋಗೆಪ್ಪ ಅದನ್ನು ಕಟ್ಟಿಸಿದ್ದ. ವಿಜಾಪುರದಲ್ಲಿ ಅವನದು ಹತ್ತಿ ದಲಾಲಿಯ ಅಡತಿ ಅಂಗಡಿ. ಯುದ್ಧದ ಕಾಲದಲ್ಲಿ ಯಾರೋ ಅವನ ಕಿವಿಯಲ್ಲಿ, ಬಿಳಿ ಸಾಹೇಬರಿಗೆ ಈಸಲು ನೀರು ಕೊಟ್ಟರೆ ಏನು ಕೇಳಿದರೂ ಕೊಡುತ್ತಾರೆ ಎಂದು ಊದಿದ್ದರು. ಅವನಿಗೆ ಅಷ್ಟು ಸಾಕಾಗಿತ್ತು. ಸಿಮೆಂಟು ಸಿಗದ ದಿನಗಳು. ವಿಜಾಪುರದ ಗೌಂಡಿ ರಸೂಲಸಾಬ ಸುಣ್ಣದ ಗಚ್ಚಿನಲ್ಲೇ ಕನ್ನಡಿಯಂಥ ಹೌದ ಕಟ್ಟಿಕೊಟ್ಟ. ಸಾಹೇಬರು ಬೇಸಿಗೆಯ ರವಿವಾರಗಳಲ್ಲಿ ಮೋಟಾರಿನಲ್ಲಿ ಬಂದರು, ಈಸಿದರು, ಮಾವಿನಹಣ್ಣು ತಿಂದರು, ಹೋದರು. ಈ ವರ್ಷವಂತೂ ದೇಶವನ್ನೇ ಬಿಟ್ಟು ಹೋದರು. ಶಿವಯೋಗೆಪ್ಪನಿಗೆ ಅವರಿಂದ ಸಿಕ್ಕಿದ್ದು ಬೆನ್ನಿನ ಮೇಲೆ ಎರಡು ತಟ್ಟು, ಅಷ್ಟೇ.

ಆದರೆ ಹೌದ ಯಾರಿಗೂ ದಕ್ಕಲಿಲ್ಲ ಅನ್ನುವಂತಿಲ್ಲ. ಗೌರಾಬಾಯಿಗೆ ದಕ್ಕಿತ್ತು. ಅವಳು ಕಳ್ಳಕವಟಗಿಯ ಹೆಣ್ಣುಮಗಳು. ಬೆನ್ನಿಗೆ ಬೆಂಡು ಕಟ್ಟಿಕೊಂಡು ಅಪ್ಪನ ಬಾವಿಗೆ ಜಿಗಿದು ಈಸು ಕಲಿತವಳು. ಮದುವೆಯಾಗಿ ಬಂದ ಮೇಲೆ ನೀರೆಂದರೆ ಕೊಡ, ಬಿಂದಿಗೆ, ಬಚ್ಚಲು. ಹೌದ ಕಟ್ಟಿದ ಮೊದಲ ಬೇಸಿಗೆಯಲ್ಲಿ, ಗಂಡ ಅಂಗಡಿಗೆ ಹೋಗಿ ಅತ್ತೆ ಮಲಗಿದ್ದ ಒಂದು ಮಧ್ಯಾಹ್ನ, ಕಚ್ಚೆ ಬಿಗಿದು ನೀರಿಗಿಳಿದಳು. ಕೈಕಾಲು ಏನನ್ನೂ ಮರೆತಿರಲಿಲ್ಲ. ಅಂಗಾತ ತೇಲುತ್ತ ಆಕಾಶ ನೋಡಿ ಅತ್ತುಬಿಟ್ಟಳು. ಅಂದಿನಿಂದ ಯುಗಾದಿಯಿಂದ ಮಳೆಗಾಲ ಮುಗಿಯುವತನಕ ಅವಳ ಮಧ್ಯಾಹ್ನಗಳು ನೀರಿನವು. ಅದೊಂದಿದ್ದರೆ ಉಳಿದ ಇಪ್ಪತ್ಮೂರು ತಾಸನ್ನು ಅವಳು ಹೇಗೋ ಸಹಿಸಬಲ್ಲವಳಾಗಿದ್ದಳು.

ಈಗ ಅದಕ್ಕೇ ಸಂಚಕಾರ ಬಂದಿತ್ತು. ಹೋದ ಚಳಿಗಾಲದಲ್ಲಿ ಮುಚ್ಚಿಟ್ಟ ಹೌದದ ನೀರು ಹಸಿರು ತಿರುಗಿ ನಾರಿತು; ಸೊಳ್ಳೆ ಎದ್ದವು; ಮನೆಯಲ್ಲಿ ಇಬ್ಬರು ಚಳಿಜ್ವರ ಹಿಡಿದು ಮಲಗಿದರು. ಅಕ್ಕನಾಗಮ್ಮ ಆಗಲೇ ಮಗನಿಗೆ ಹೇಳಿದ್ದಳು:

"ನೋಡಪ್ಪಾ, ಇನ್ನೊಮ್ಮಿ ನೀರು ಕೆಟ್ಟಿತಂದ್ರ ಹೌದಕ್ಕ ಮಣ್ಣು ಹಾಕಿಸು. ಬಬಲೇಶ್ವರದ ಬೀಗರ ತ್ವಾಟದಾಗ ಲಿಂಬಿ ಸಸಿ ಅದಾವ. ತಂದು ಹಚ್ಚೂಣು."

"ಆಗಲಿ ಯವ್ವಾ" ಎಂದಿದ್ದ ಶಿವಯೋಗೆಪ್ಪ. ಕೊನೆಗೆ ಮಾತಾಡಿದವರಿಗೆ ಆಗಲಿ ಅನ್ನುವುದು ಅವನ ಸ್ವಭಾವ.

ನೀರು ತೆಗೆದು ಖಾಲಿ ಇಡಬಹುದಲ್ಲ ಎಂದರೆ ಅದೂ ಆಗದು. ಅದು ಎರೆಮಣ್ಣಿನ ನೆಲ. ಮಳೆಗೆ ಉಬ್ಬಿ ಖಾಲಿ ಹೌದದ ಗೋಡೆಯನ್ನು ಒಳಗೆ ತಳ್ಳುತ್ತದೆ. ಹೀಗಾಗಿ ಪ್ರತಿ ವರ್ಷ ಸೀಗಿ ಹುಣ್ಣಿಮೆಗೆ ಮೊದಲು ರಸೂಲಸಾಬ ಬಂದು ನೀರು ಹದ ಮಾಡಿಕೊಟ್ಟು, ಮೇಲೆ ಗೋಣಿತಟ್ಟು ಹೊದಿಸಿ ಹೋಗುತ್ತಿದ್ದ. ಹೋದ ವರ್ಷ ಮಗಳ ಮದುವೆಯ ಗಡಿಬಿಡಿಯಲ್ಲಿ ಅವನು ಬರಲಿಲ್ಲ, ನೀರು ಕೆಟ್ಟಿತು. ಈ ವರ್ಷ ಕಾಲು ಮುರಿದುಕೊಂಡು ಮಲಗಿದ್ದ. ಮೋಟಾರಿನವನ ಕೈಯಲ್ಲಿ ಬ್ಲೀಚಿಂಗ್ ಪುಡಿಯ ಡಬ್ಬಿ ಕಳಿಸಿ, ಜೊತೆಗೆ ಮಾತನ್ನೂ ಕಳಿಸಿದ್ದ: "ಬಾಯಾರಿಗೆ ಎಲ್ಲಾ ಗೊತ್ತೈತಿ. ಖರೇ, ಅವಸರ ಮಾಡಬ್ಯಾಡ್ರಿ ಅಂತ ಹೇಳು."

ಗೌರಾಬಾಯಿಗೆ ಎಲ್ಲ ಗೊತ್ತಿತ್ತು, ಅವಸರ ಮಾಡಬಾರದು ಎಂಬುದೊಂದನ್ನು ಬಿಟ್ಟು. ಮೊದಲು ಪಟಿಕ ಕರಗಿಸಿ ಹಾಕಬೇಕು. ಕದಡಿದ್ದು ತಳಕ್ಕೆ ಕೂರುತ್ತದೆ. ಆದರೆ ಪಟಿಕದಿಂದ ನೀರು ಹುಳಿಯಾಗುತ್ತದೆ, ಹುಳಿನೀರು ಗಚ್ಚನ್ನು ತಿನ್ನುತ್ತದೆ. ಆ ಹುಳಿ ಮುರಿಯಲು ಸುಣ್ಣ. ಕೊನೆಗೆ ಹುಳ ಸಾಯಲು ಬ್ಲೀಚಿಂಗ್ ಪುಡಿ. ಸುಣ್ಣ ಹೆಚ್ಚಾಯಿತೋ ಎಂದು ನೋಡಲು ಅರಿಶಿಣದ ಚಿಂದಿ ಅದ್ದಬೇಕು: ಹಳದಿಯಾಗಿಯೇ ಉಳಿದರೆ ಹದ, ಕೆಂಪಾದರೆ ಸುಣ್ಣ ಅತಿಯಾಯಿತು. ಸುಣ್ಣ ಹಾಕಿದ ಮೇಲೆ ಒಂದು ದಿನ ನೀರನ್ನು ಅದರ ಪಾಡಿಗೆ ಬಿಟ್ಟು ಆಮೇಲೆ ಚಿಂದಿ ಅದ್ದಬೇಕು.

ಒಂದು ದಿನ ಬಿಡುವುದೆಂದರೆ ಅವಳಿಗೆ ಮೈಯೆಲ್ಲ ಮುಳ್ಳು. ಪಟಿಕ ಹಾಕಿದ ಮೇಲೆ ತೋಟದಲ್ಲಿ ಕೆಲಸಕ್ಕಿದ್ದ ಕಾಳವ್ವನಿಂದ ಸುಣ್ಣ ಹೊರಿಸಿ ಸುರಿಸಿದಳು. ಊಟವಾದ ಮೇಲೆ ಬಂದು ನೀರನ್ನು ನಾಲಿಗೆಗೆ ಹಚ್ಚಿಕೊಂಡಳು; ಹುಳಿ ಅನ್ನಿಸಿತು. ಚಿಂದಿ ಅದ್ದಿದಳು, ಹಳದಿ. ಇನ್ನೊಂದು ಬುಟ್ಟಿ ಸುರಿಸಿದಳು. ಮರುದಿನ ಬೆಳಿಗ್ಗೆ ನೀರಿನ ಮೂಲೆಯಲ್ಲಿ ಹಸಿರು ಎಳೆಯೊಂದು ಕಂಡಂತಾಯಿತು. ಅದು ಬೇವಿನ ಎಲೆಯೆಂದು ಗೊತ್ತಾಗುವಷ್ಟರಲ್ಲಿ ಮತ್ತೊಂದು ಬುಟ್ಟಿ ನೀರಿಗೆ ಬಿದ್ದಾಗಿತ್ತು.

"ಅವ್ವಾರ, ಹೌದ ತುಂಬಿಸಾಕತ್ತೀರೋ, ಮನಿಗೆ ಸುಣ್ಣ ಸಾರಸಾಕತ್ತೀರೋ" ಎಂದಳು ಕಾಳವ್ವ.

"ಸುಮ್ನ ಹಾಕ ಬೇ. ನಿನ್ನ ಮನೀದೇನು ಹೋಗತೈತಿ?"

ಕೊನೆಗೆ ಬ್ಲೀಚಿಂಗ್ ಪುಡಿಯೂ ಬಿದ್ದು, ಹುಣ್ಣಿಮೆಯ ಬೆಳಿಗ್ಗೆ ನೀರು ತಳದ ಕಲ್ಲು ಎಣಿಸುವಷ್ಟು ತಿಳಿಯಾಗಿತ್ತು. ಗೌರಾಬಾಯಿ ಹಿಗ್ಗಿದಳು. ಹಬ್ಬದ ಕಡುಬಿನ ಗದ್ದಲದಲ್ಲಿ ಚಿಂದಿಯ ನೆನಪೂ ಆಗಲಿಲ್ಲ. ಆ ಹಿಗ್ಗಿನಲ್ಲೇ ಅವಳು ಮಾಡಬಾರದ ಕೆಲಸ ಮಾಡಿದಳು. ಪ್ರತಿ ವರ್ಷ ಅತ್ತೆ ಗಂಗಾಪೂಜೆ ಮಾಡುವುದು ಬಾವಿಗೆ, ಈ ವರ್ಷ ನೀರನ್ನು ಆಕೆಯ ಕಣ್ಣಿಗೆ ಬೀಳಿಸಬೇಕೆಂದು, "ಅತ್ತೀ, ಬಾವಿ ಮೆಟ್ಟಿಲ ಜಾರತಾವ್ರಿ. ಹೌದಕ್ಕ ಪೂಜಿ ಮಾಡೂಣ್ರಿ" ಎಂದು ಕೈಹಿಡಿದು ಕರೆತಂದಳು.

ಶಿವಯೋಗೆಪ್ಪನೂ ಕಾಳವ್ವನೂ ಹಿಂದೆ ಬಂದು ನಿಂತರು. ಅಕ್ಕನಾಗಮ್ಮ ಹೌದದ ಮೆಟ್ಟಿಲ ಮೇಲೆ ಕೂತಳು. ವೀಳ್ಯದೆಲೆ ಇಟ್ಟಳು, ಕಡುಬು ಇಟ್ಟಳು, ಮುಷ್ಟಿ ತುಂಬ ಅರಿಶಿಣ ತೆಗೆದು ನೀರಿಗೆ ಬಿಟ್ಟಳು.

ಅರಿಶಿಣ ನೀರು ಮುಟ್ಟಿದಲ್ಲೆಲ್ಲ ಕೆಂಪು ಎದ್ದಿತು. ಮೆಟ್ಟಿಲಿನಿಂದ ಮೆಟ್ಟಿಲಿಗೆ ಓಕುಳಿಯಂತೆ ಇಳಿಯಿತು. ಅತಿಯಾದ ಸುಣ್ಣ ಎಲ್ಲರ ಮುಂದೆ ಬಾಯಿಬಿಟ್ಟಿತ್ತು. ನೀರು ಕೆಟ್ಟಿತು, ಮಣ್ಣು ಬಿತ್ತು, ಲಿಂಬಿ ಸಸಿ ಬಂದವು ಎಂದೇ ಗೌರಾಬಾಯಿ ತಿಳಿದಳು.

"ಅತ್ತೀ, ಅದು..." ಎಂದು ಬಾಯಿ ತೆರೆದಳು.

"ಸುಮ್ಮನಿರು" ಎಂದಳು ಅಕ್ಕನಾಗಮ್ಮ. ಆ ಕೆಂಪನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಸೆರಗು ತಲೆಯ ಮೇಲೆ ಎಳೆದುಕೊಂಡು, ಕಾಳವ್ವನಿಗೂ ಮಗನಿಗೂ ಕೇಳುವಂತೆ ಹೇಳಿದಳು: "ಗಂಗವ್ವ ಬಂದು ಕುಂತಾಳ. ಕುಂಕುಮ ಬೇಡ್ಯಾಳ. ಇನ್ನ ಇದರಾಗ ಯಾರೂ ಕಾಲು ಇಡಬ್ಯಾಡ್ರಿ."

ಕಾಳವ್ವ ಅಲ್ಲೇ ಅಡ್ಡಬಿದ್ದಳು. ಸಂಜೆಯೊಳಗೆ ಟಿಕೋಟಾಕ್ಕೆಲ್ಲ ಗೊತ್ತಾಯಿತು. ಮುಂದಿನ ವಾರ ಅರಕೇರಿಯಿಂದಲೂ ಕನಮಡಿಯಿಂದಲೂ ಹೆಂಗಸರು ಗಾಡಿ ಕಟ್ಟಿಕೊಂಡು ಬಂದು, ಒಂದೊಂದು ಚಿಟಿಕೆ ಅರಿಶಿಣ ಬಿಟ್ಟು, ಕೆಂಪು ನೋಡಿ ಕೈಮುಗಿದು ಹೋದರು. ಶಿವಯೋಗೆಪ್ಪ ಸಾಹೇಬರನ್ನು ಕ್ಷಣದಲ್ಲಿ ಮರೆತು ಹೌದದ ಸುತ್ತ ಕಟ್ಟೆ ಹಾಕಿಸಿದ. ಲಿಂಬಿ ಸಸಿಯ ಸುದ್ದಿ ಯಾರೂ ಎತ್ತಲಿಲ್ಲ.

ಹೌದ ಉಳಿಯಿತು, ಗೌರಾಬಾಯಿಯ ಕೈತಪ್ಪಿತು. ಇದೆಂಥ ಉಳಿವು ಎಂದು ಅವಳು ಚಡಪಡಿಸಿದಳು. ಕೆಂಪು ಬಾರದಿದ್ದರೆ ಗಂಗವ್ವ ಹೋದಳೆಂದು ಮಣ್ಣು ಹಾಕುತ್ತಾರೆ. ಬಂದರೆ ಅವಳು ಕಾಲಿಡುವಂತಿಲ್ಲ. ಕಳೆದುಕೊಂಡದ್ದನ್ನು ಕಾಯಲು ಅವಳೇ ಆಗಾಗ ಒಂದಿಷ್ಟು ಸುಣ್ಣ ಹಾಕುತ್ತಿದ್ದಳು. ಚಳಿಗಾಲದ ಒಂದು ದಿನ ತಡೆಯಲಾರದೆ, ಅಡುಗೆಮನೆಯಲ್ಲಿ ಅವರೆ ಸುಲಿಯುತ್ತಿದ್ದ ಅತ್ತೆಯ ಮುಂದೆ ಕೂತು ಹೇಳಿಯೇಬಿಟ್ಟಳು.

"ಅತ್ತೀ, ಅದು ದೇವ್ರಲ್ರಿ. ಸುಣ್ಣ. ನಾನ ಹೆಚ್ಚು ಹಾಕೀನಿ."

ಅಕ್ಕನಾಗಮ್ಮ ಕಣ್ಣೆತ್ತಲಿಲ್ಲ. "ಅರಿಶಿಣಕ್ಕ ಸುಣ್ಣ ಹಾಕಿ ಎಷ್ಟ ಮದುವಿಗೆ ಓಕುಳಿ ಕಲಸೀನಿ ನಾ. ನನಗ ಹೇಳಾಕ ಬಂದಿಯೇನು?"

"ಮತ್ತ್ಯಾಕ ಹಂಗಂದ್ರಿ?"

"ಹಗಲಿನ್ಯಾಗ ಸೊಸಿ ನೀರಾಗ ಬಿದ್ದಿರತಾಳಂತ ಮಂದಿ ಆಡಿಕೊಳ್ಳೂದಕ್ಕಿಂತ, ಮನ್ಯಾಗ ಗಂಗವ್ವ ಕುಂತಾಳಂತ ಅನ್ನೂದು ಚಲೋ. ನಾ ಮಧ್ಯಾಹ್ನ ಮಲಗತೇನಿ, ಖರೇ. ನಿದ್ದಿ ಹತ್ತಬೇಕಲ್ಲ." ಅವರೆಯ ಸಿಪ್ಪೆ ಕೊಡವಿ ಮತ್ತೆ ಹೇಳಿದಳು: "ನನ್ನ ತವರು ಕನಮಡಿ. ಗಾಡಿ ಕಟ್ಟಿದ್ರ ಒಂದೊಪ್ಪತ್ತಿನ ಹಾದಿ. ನಿಮ್ಮ ಮಾವ ಇರೂತನಾ ಒಂದು ಪಂಚಮಿಗೂ ಕಳಿಸಲಿಲ್ಲ. ನಾ ಸಾಯಲಿಲ್ಲಲ್ಲ. ನೀನೂ ಸಾಯೂದಿಲ್ಲ."

ಗೌರಾಬಾಯಿಗೆ ಸಿಟ್ಟು ನೆತ್ತಿಗೇರಿತು. ಸಿಟ್ಟಿನ ಬೆನ್ನಿಗೇ ಮುದುಕಿಯ ಬಗ್ಗೆ ಕನಿಕರವೂ ಬಂತು. ಅದು ಬೇಡವಾಗಿತ್ತು ಅವಳಿಗೆ, ಸಿಟ್ಟೇ ಸಾಕಾಗಿತ್ತು. ಎದ್ದು ಹೋದಳು. ಆದರೆ ಆ ತವರಿನ ಮಾತು ಜೊತೆಗೇ ಬಂತು. ಬಟ್ಟೆ ಒಗೆಯುವಾಗ, ರೊಟ್ಟಿ ಬಡಿಯುವಾಗ ಅದನ್ನೇ ತಿರುಗಿಸಿ ಮುರುಗಿಸಿ ನೋಡಿದಳು. ಕೊನೆಗೊಂದು ದಿನ ಏನೋ ಹೊಳೆದು ರೊಟ್ಟಿ ಬಡಿಯುತ್ತಿದ್ದ ಕೈ ನಿಂತಿತು. ಹಂಚಿನ ಮೇಲಿದ್ದ ರೊಟ್ಟಿ ಕರಕಾಯಿತು.

ಮಾಘ ಕಳೆಯಿತು, ಬಿಸಿಲು ಬಲಿಯಿತು. ಯುಗಾದಿಗೆ ಮೊದಲು ಗೌರಾಬಾಯಿ ವಿಜಾಪುರದಿಂದ ಪಟಿಕ ತರಿಸಿದಳು. ಬಾವಿಯ ಹೊಸ ನೀರು ಬಿಡಿಸಿ, ಸುಣ್ಣ ಮುರಿಯಲು ಪಟಿಕ ಕರಗಿಸಿ ಸುರಿದಳು. ಸುರಿದು ಬೆನ್ನು ತಿರುಗಿಸಿ ಮನೆಗೆ ಹೋದಳು. ಒಂದು ಇಡೀ ದಿನ ಆ ಕಡೆ ಮುಖ ಹಾಕಲಿಲ್ಲ. ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸ ಅವಳು ಮಾಡಿರಲಿಲ್ಲ. ಮರುದಿನ ಚಿಂದಿ ಅದ್ದಿದಳು. ಹಳದಿ ಹಳದಿಯಾಗಿಯೇ ಉಳಿಯಿತು.

ಯುಗಾದಿಯ ಬೆಳಿಗ್ಗೆ ಮನೆಮಂದಿ, ಕಾಳವ್ವ, ಅವಳು ಕೂಡಿಸಿಕೊಂಡು ಬಂದ ಓಣಿಯ ಹೆಂಗಸರು ಎಲ್ಲ ಹೌದದ ಸುತ್ತ ನಿಂತರು. ಅಕ್ಕನಾಗಮ್ಮ ಅರಿಶಿಣ ಬಿಟ್ಟಳು. ಅದು ಹಳದಿಯಾಗಿಯೇ ತೇಲಿ, ಹಳದಿಯಾಗಿಯೇ ಮುಳುಗಿತು. ಇನ್ನೊಂದು ಮುಷ್ಟಿ ಬಿಟ್ಟಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಶಿವಯೋಗೆಪ್ಪನ ಮುಖ ಸಪ್ಪಗಾಯಿತು.

"ಯವ್ವಾ, ಎಲ್ಲಿ ಹೋದ್ಲು ಗಂಗವ್ವ?"

ಅಕ್ಕನಾಗಮ್ಮ ಸೊಸೆಯತ್ತ ತಿರುಗಿದಳು. ಸುಣ್ಣ ಎಂದರೆ ತನ್ನ ಮಾತೇ ಸುಳ್ಳಾಗುತ್ತದೆ. ದೇವರು ಬಿಟ್ಟುಹೋದಳು ಎಂದರೆ ಮನೆಗೇ ಕೆಟ್ಟ ಹೆಸರು. ಗೌರಾಬಾಯಿ ತಲೆ ತಗ್ಗಿಸದೆ ಹೇಳಿದಳು:

"ತವರಿಗೆ ಹೋಗ್ಯಾಳ್ರಿ, ಅತ್ತಿ. ಬ್ಯಾಸಗಿಗೆ ಹೋಗಿ, ಸೀಗಿ ಹುಣ್ಣಿವಿಗೆ ತಿರುಗಿ ಬರತಾಳ."

ಅಕ್ಕನಾಗಮ್ಮ ಬಾಗಿ ಹಳದಿ ನೀರಿನಲ್ಲಿ ಕೈ ಅದ್ದಿದಳು. ಅವಳ ಕೆಳದುಟಿ ಅದುರಿದ್ದು ಗೌರಾಬಾಯಿಗೆ ಮಾತ್ರ ಕಂಡಿತು.

"ಹೌದಪ್ಪಾ" ಎಂದಳು ಮಗನಿಗೆ. "ತವರಿಗೆ ಹೋಗ್ಯಾಳ. ಹೋಗಲಿ. ಹೆಣ್ಣಮಗಳನ್ನ ತವರಿಗೆ ಕಳಿಸಬೇಕು. ಕಳಿಸದ ಮನಿಗೆ ಚಲೋ ಆಗೂದಿಲ್ಲ."

"ಹಂಗಾರ ಹೌದ ಹಿಂಗ ಇರಲೇನು?"

"ಇರಬೇಕಲ್ಲ ಮತ್ತ. ತಿರುಗಿ ಬಂದಾಕಿ ಎಲ್ಲಿ ಕುಂಡ್ರಬೇಕು?"

"ಆಗಲಿ ಯವ್ವಾ" ಎಂದ ಶಿವಯೋಗೆಪ್ಪ.

ಹೆಂಗಸರು ಚದುರಿದರು. ಮೆಟ್ಟಿಲಿನಿಂದ ಏಳಲು ಅಕ್ಕನಾಗಮ್ಮ ಸೊಸೆಯ ಕೈಹಿಡಿದಳು. ಎದ್ದವಳು ಹಿಡಿತ ಬಿಡದೆ, ಅವಳಿಗಷ್ಟೇ ಕೇಳುವಂತೆ ಹೇಳಿದಳು:

"ಪಟಿಕ ಬಾಳ ಸುರುವೀದಿ. ಗಚ್ಚು ತಿಂದೀತು. ಒಂದೀಟು ಸುಣ್ಣ ಹಾಕು, ಖರೇ, ಕೆಂಪಾಗದಷ್ಟು." ಮನೆಯ ಕಡೆ ಎರಡು ಹೆಜ್ಜೆ ಇಟ್ಟು ನಿಂತಳು. "ನಾ ಮಧ್ಯಾಹ್ನ ಮಲಗತೇನಿ. ಇವತ್ತ ನಿದ್ದಿ ಹತ್ತತೈತಿ."