ಕುದಿಸಿದ ಕಿತ್ತಳೆ

ಹಣ್ಣಿನ ಮಂಡಿಯಲ್ಲಿ ಹರಾಜು ಕೂಗುವವನನ್ನು ಎಲ್ಲರೂ ಗಂಟೆ ಎಂದೇ ಕರೆಯುತ್ತಿದ್ದರು. ಅವನ ಕಂಠ ಅಂಥದ್ದು. ಬೆಳಗ್ಗೆ ಪೆಟ್ಟಿಗೆಗಳ ಮೇಲೆ ಹತ್ತಿ ನಿಂತು ಅವನು "ಒಂದನೇ ಸಲ!" ಎಂದರೆ ಗೇಟಿನಾಚೆ ಮಲಗಿದ್ದ ನಾಯಿಯೂ ಎದ್ದು ಕೂರಬೇಕು. ಅಂಥವನ ಬಾಯಿ ಈಗ ಕೆಟ್ಟು ಕೂತಿತ್ತು. ವಸಡು ಊದಿ ಹಲ್ಲನ್ನು ಅರ್ಧ ಮುಚ್ಚಿತ್ತು, ನಾಲಿಗೆಯ ಅಂಚಿಗೆಲ್ಲ ಹುಣ್ಣು, ಹಲ್ಲುಜ್ಜಿದರೆ ಉಗುಳೆಲ್ಲ ಕೆಂಪು. "ಎರಡನೇ ಸಲ" ಅನ್ನುವ ಹೊತ್ತಿಗೆ ಕಣ್ಣಲ್ಲಿ ನೀರು ತುಂಬಿಕೊಳ್ಳುತ್ತಿತ್ತು. ಅವನು ಸುಧಾರಿಸಿಕೊಳ್ಳುವಷ್ಟರಲ್ಲಿ ವ್ಯಾಪಾರಿಗಳು ತಮ್ಮತಮ್ಮಲ್ಲೇ ಬೆಲೆ ಮಾತಾಡಿ ಮುಗಿಸಿರುತ್ತಿದ್ದರು.

ಮಂಡಿಯ ಯಜಮಾನ ಕೆಟ್ಟವನೇನಲ್ಲ. "ಏನಯ್ಯಾ, ನಮ್ಮ ಗಂಟೆ ಒಡೆದುಹೋಯ್ತಾ?" ಎಂದು ಮೊದಲು ನಕ್ಕ. ಆಮೇಲೆ ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದ: "ಈ ತಿಂಗಳು ನೋಡ್ತೀನಿ. ಸರಿಹೋಗಲಿಲ್ಲ ಅಂದ್ರೆ ಮೈಕ್ ತಂದು ಬೇರೆಯವನನ್ನ ನಿಲ್ಲಿಸ್ತೀನಿ. ಬೇಜಾರು ಮಾಡ್ಕೋಬೇಡ."

ಬೇಜಾರು ಮಾಡಿಕೊಳ್ಳದೆ ಏನು ಮಾಡಬೇಕು? ಅವನಿಗೆ ಗೊತ್ತಿದ್ದ ಕಸುಬು ಅದೊಂದೇ. ಇದರಲ್ಲಿ ನಗು ಬರುವ ಸಂಗತಿ ಏನೆಂದರೆ, ಅವನ ಕಾಲ ಕೆಳಗೆ ಕಿತ್ತಳೆ, ಎಡಕ್ಕೆ ನಿಂಬೆ, ಬಲಕ್ಕೆ ಸೀಬೆ. ಅವನು ಮಾತ್ರ ಒಂದು ತೊಳೆ ಬಾಯಿಗೆ ಹಾಕುವಂತಿಲ್ಲ. ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ ಅಂತಾರಲ್ಲ, ಹಾಗೆ. ಕಾರಣ ಅವನ ಅಕ್ಕ.

ಅಕ್ಕನ ವಿಷಯ ಹೇಳದೆ ಕತೆ ಮುಂದೆ ಹೋಗದು. ಇವನಿನ್ನೂ ಕೈಗೂಸಾಗಿದ್ದಾಗ ವಾಂತಿಭೇದಿ ಬಂದು ಒಂದೇ ವಾರದಲ್ಲಿ ಅಮ್ಮನೂ ಹೋದಳು, ನಡುವಿನ ಮಗ ಪುಟ್ಟನೂ ಹೋದ. ಅಪ್ಪ ಮೊದಲೇ ಇರಲಿಲ್ಲ. ಇನ್ನೂ ಸ್ಕೂಲಿಗೆ ಹೋಗುತ್ತಿದ್ದ ಅಕ್ಕನ ಮಡಿಲಿಗೆ ಈ ಕೂಸು ಬಿತ್ತು. ಎಲ್ಲವನ್ನೂ ಕುದಿಸಿ ಕೊಡು ಎಂದು ಆಸ್ಪತ್ರೆಯವರು ಹೇಳಿ ಕಳಿಸಿದ್ದರು. ಅವಳು ಕುದಿಸಿದಳು, ಇವನು ಬದುಕಿಕೊಂಡ. ಅಲ್ಲಿಂದ ಇಲ್ಲಿಯವರೆಗೆ ಆ ಮನೆಯ ಒಲೆ ಆರಿದ್ದೇ ಕಡಿಮೆ. ಸೊಪ್ಪನ್ನು ಬೇಯಿಸಿ, ನೀರು ಬಸಿದು, ಮತ್ತೆ ಬೇಯಿಸುವಳು. ಮದುವೆಯ ಮಾತೆತ್ತಿದವರಿಗೆ "ಇವನನ್ನ ಯಾರು ನೋಡ್ಕೋತಾರೆ, ನೀವಾ?" ಎಂದು ಬಾಗಿಲು ತೋರಿಸಿದಳು.

ಹೋದ ವರ್ಷದವರೆಗೆ ಹೇಗೋ ನಡೆಯಿತು. ಮಧ್ಯಾಹ್ನ ಮಂಡಿಯ ಕ್ಯಾಂಟೀನಿನಲ್ಲಿ ಹಸಿ ಈರುಳ್ಳಿ, ನಿಂಬೆಹಣ್ಣು ಹಿಂಡಿಕೊಂಡು ಉಂಡು, ಮೇಲೊಂದು ಹಣ್ಣು ತಿಂದು ಬರುತ್ತಿದ್ದ. ಅಕ್ಕ ಕಂಡೂ ಕಾಣದಂತೆ ಇದ್ದಳು. ಯಾವಾಗ ಕಾಮಾಲೆ ಬಂದು ಅವನ ಕಣ್ಣು ಹಳದಿಯಾಯಿತೋ, ಮುಗಿಯಿತು. ಹಾಸಿಗೆಯ ಪಕ್ಕ ಕೂತು ಗೊಳೋ ಎಂದು ಅತ್ತು, "ನನ್ನ ಕೈ ಅಡುಗೆ ಬಿಟ್ಟು ಬೇರೆ ಏನೂ ಮುಟ್ಟಲ್ಲ ಅಂತ ಆಣೆ ಮಾಡು" ಎಂದಳು. ಮಾಡಿದ. ಅವತ್ತಿನಿಂದ ಶುರುವಾಯಿತು ಡಬ್ಬಿ. ಡಬ್ಬಿಯಲ್ಲಿ ಗಂಜಿ, ಯಾವ ಜನ್ಮದಲ್ಲೋ ತರಕಾರಿಯಾಗಿದ್ದ ಒಂದು ಮುದ್ದೆ. ಸಂಜೆ ಮನೆಗೆ ಬಂದರೆ ಚಪ್ಪಲಿ ಬಿಡುವ ಮೊದಲೇ "ಎಲ್ಲಿ, ಆ ಅನ್ನು" ಎಂದು ಬಾಯಿ ಮೂಸುವಳು.

ನಲವತ್ತು ದಾಟಿದ ಗಂಡಸು ಅಕ್ಕನಿಗೆ ಇಷ್ಟು ಹೆದರೋದಾ ಎಂದು ನೀವು ಕೇಳಬಹುದು. ಅದು ಹೆದರಿಕೆಯಲ್ಲ ರೀ. ಹೆದರಿಕೆಯಾಗಿದ್ದರೆ ಎಂದೋ ಓಡಿಹೋಗುತ್ತಿದ್ದ. ತನಗಾಗಿ ಜೀವ ತೇದವಳಿಗೆ ಬೆನ್ನು ತೋರಿಸುವುದು ಹೇಗೆ?

ಬಾಯಿ ಹುಣ್ಣಾದ ಮೇಲಂತೂ ಅಕ್ಕ ಹುಳಿಯನ್ನೇ ಮನೆಯಿಂದ ಓಡಿಸಿದಳು. ಹುಣ್ಣಿಗೆ ಹುಳಿ ತಾಗಿದರೆ ಉರಿಯುತ್ತದೆ, ಉರಿಯುವುದು ಕೆಟ್ಟದ್ದು. ಅವನಿಗೂ ಅದು ಸರಿಯೆನಿಸಿತ್ತು. ಕೊಳೆತ ಕಿತ್ತಳೆ ಆರಿಸುವಾಗ ಒಮ್ಮೆ ರಸ ತುಟಿಗೆ ಚಿಮ್ಮಿ ಜೀವ ಹೋಗಿ ಬಂದಿತ್ತು. ಹುಣ್ಣು ಹೆಚ್ಚಿತೆಂದು ಪಥ್ಯ ಬಿಗಿಯಾಯಿತು, ಪಥ್ಯ ಬಿಗಿಯಾಗಿ ಹುಣ್ಣು ಮತ್ತೂ ಹೆಚ್ಚಿತು.

ಯಜಮಾನನ ಮಾತಿಗೆ ಹೆದರಿ ಅವನು ಹಲ್ಲಿನ ಡಾಕ್ಟರಮ್ಮನ ಬಳಿ ಹೋದ. ಆಕೆ ಬಾಯೊಳಗೆ ಕನ್ನಡಿ ಇಟ್ಟು ನೋಡಿ, "ಏನು ಊಟ ಮಾಡ್ತೀರಿ?" ಎಂದು ಕೇಳಿದರು. ಹೇಳಿದ.

"ಹಣ್ಣು?"

"ಇಲ್ಲ ಡಾಕ್ಟ್ರೇ."

"ಕೆಲಸ ಎಲ್ಲಿ?"

"ಹಣ್ಣಿನ ಮಂಡೀಲಿ."

ಆಕೆಗೆ ನಗು ಬಂತು, ಕೆಮ್ಮಿ ನುಂಗಿಕೊಂಡರು. "ಸಿ ವಿಟಮಿನ್ ಕಡಿಮೆ ಆದ್ರೆ ವಸಡು ಹೀಗೇ ಊದಿಕೊಳ್ಳೋದು, ರಕ್ತ ಬರೋದು. ಗಾಯ ಮಾಯೋದಿಲ್ಲ. ರಕ್ತ ಪರೀಕ್ಷೆ ಮಾಡಿಸಿ. ಮಾತ್ರೆ ಕೊಡ್ತೀನಿ, ಹಣ್ಣೂ ತಿನ್ನಿ. ಮೊದಮೊದಲು ಉರಿಯುತ್ತೆ, ತಡ್ಕೊಳ್ಳಿ. ಆದ್ರೆ ಹಸೀದೇ ತಿನ್ನಬೇಕು. ಗಂಟೆಗಟ್ಟಲೆ ಕುದಿಸಿದ್ರೆ ಆ ವಿಟಮಿನ್ ಉಳಿಯಲ್ಲ. ಹೀಗೇ ಬಿಟ್ರೆ ಹಲ್ಲು ಬೀಳ್ತವೆ ನೋಡಿ."

ಮಾತ್ರೆಯ ಜೊತೆ ಒಂದು ಚೀಲ ಕಿತ್ತಳೆ ಹಿಡಿದು ಮನೆಗೆ ಬಂದ. ಅಕ್ಕ ಮಾತ್ರೆ ಕಂಡು ಉರಿದುಬಿದ್ದಳು. "ಕಾಮಾಲೆ ಆದವನಿಗೆ ಮಾತ್ರೆನಾ? ಕೇಳದೆ ಯಾವ ಮಾತ್ರೇನೂ ನುಂಗಬೇಡ ಅಂತ ಅವತ್ತು ದೊಡ್ಡ ಡಾಕ್ಟ್ರು ಹೇಳಿರಲಿಲ್ವಾ? ಹಲ್ಲು ಕೀಳೋವಳಿಗೆ ಹೊಟ್ಟೆ ವಿಷಯ ಏನು ಗೊತ್ತು?" ಮಾತ್ರೆ ಕಸದ ಬುಟ್ಟಿ ಸೇರಿತು. ಕಿತ್ತಳೆಯನ್ನು ಮಾತ್ರ ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. "ಹಣ್ಣು ಕೊಡು ಅಂದ್ರಾ? ಆಗಲಿ. ನಿನಗೋಸ್ಕರ ಕೊಡ್ತೀನಿ" ಎಂದಳು.

ಅವನಿಗೆ ನಂಬಲಾಗಲಿಲ್ಲ. ಅಕ್ಕ ಹಣ್ಣು ಹಿಂಡಿದಳು, ಬೀಜ ಸೋಸಿದಳು. ಆಮೇಲೆ ರಸವನ್ನು ಪಾತ್ರೆಗೆ ಸುರಿದು ಒಲೆಯ ಮೇಲಿಟ್ಟಳು.

ಅಡುಗೆಮನೆಯ ಬಾಗಿಲಲ್ಲಿ ನಿಂತು ಅವನು ನೋಡಿದ. ರಸ ಉಕ್ಕಿತು, ನೊರೆ ಬಂತು, ಇಳಿಯಿತು, ಅಕ್ಕ ಸೌಟಿನಿಂದ ತಿರುವುತ್ತಲೇ ಇದ್ದಳು. ಕುದಿಸಬೇಡ ಅಕ್ಕ ಎಂಬ ಮಾತು ಗಂಟಲ ತನಕ ಬಂದು ಅಲ್ಲೇ ಕೂತಿತು. ಇಡೀ ಮಂಡಿಯನ್ನು ನಿಲ್ಲಿಸುತ್ತಿದ್ದ ಬಾಯಿ ಅದು! ರಸ ಕಂದು ಬಣ್ಣಕ್ಕೆ ತಿರುಗಿ ಕಾಲು ಲೋಟದಷ್ಟು ಉಳಿದಾಗ ಅಕ್ಕ ಆರಿಸಿ ತಂದುಕೊಟ್ಟಳು. "ಕುಡಿ ಕಣೋ. ಹುಳಿ ಅಂತ ನಾನು ಬೇಡ ಅಂದೆನಾ?" ಕುಡಿದ. ಸುಟ್ಟ ಸಕ್ಕರೆಯ ಹಾಗಿತ್ತು. "ಚೆನ್ನಾಗಿದೆ" ಎಂದ.

ದಿನಾ ಅದೇ ಆಯಿತು. ದಿನಾ ಹಣ್ಣು ತರುವನು, ದಿನಾ ಅವಳು ಕುದಿಸುವಳು, ದಿನಾ ಚೆನ್ನಾಗಿದೆ ಎನ್ನುವನು. ಮಂಡಿಯಲ್ಲಿ ಕೈ ಚಾಚಿದರೆ ಹಣ್ಣು, ಮೈಮೇಲೆ ಆಣೆ. ಮನೆಯಲ್ಲಿ ಬಾಯಿಬಿಟ್ಟು ಹೇಳಿದರೆ ಅಕ್ಕನ ಬದುಕನ್ನೇ ಹಳಿದಂತೆ. ಅತ್ತ ದರಿ, ಇತ್ತ ಪುಲಿ. ಯಜಮಾನನ ಕೋಣೆಗೆ ಹೊಸ ಮೈಕ್ ಆಗಲೇ ಬಂದಿತ್ತು, ಪ್ಲಾಸ್ಟಿಕ್ ಹೊದಿಕೆ ಕೂಡ ತೆಗೆದಿರಲಿಲ್ಲ.

ಒಂದು ಸಂಜೆ ಇಬ್ಬರೂ ಊಟಕ್ಕೆ ಕೂತಿದ್ದರು. ಅಕ್ಕ ಗಂಜಿ ನುಂಗುತ್ತಿದ್ದವಳು ತಟ್ಟನೆ ಗೋಡೆಯ ಕಡೆ ತಿರುಗಿ ಬಾಯಿಂದ ಏನನ್ನೋ ತೆಗೆದು ಮುಷ್ಟಿಯಲ್ಲಿ ಅಡಗಿಸಿದಳು. ಅವನು ಮುಷ್ಟಿ ಬಿಡಿಸಿದ. ಹಲ್ಲು.

"ವಯಸ್ಸಾಯ್ತಲ್ಲ ಬಿಡು" ಎಂದು ಅಕ್ಕ ನಕ್ಕಳು. ನಕ್ಕಾಗ ಅವಳ ವಸಡು ಕಂಡಿತು. ನೇರಳೆ ಬಣ್ಣಕ್ಕೆ ತಿರುಗಿ, ಅವನದಕ್ಕಿಂತ ಹೆಚ್ಚು ಊದಿಕೊಂಡಿತ್ತು. ಅಯ್ಯೋ ದೇವರೇ, ಎಂದುಕೊಂಡ. ಅವಳೂ ಅದೇ ಪಾತ್ರೆಯದನ್ನೇ ತಿನ್ನುವವಳು, ಇದು ತನಗೆ ಹೊಳೆಯಲೇ ಇಲ್ಲವಲ್ಲ! ತನ್ನ ಕೆಲಸ ಹೋದರೆ ಹೋಗಲಿ ಎಂದು ಇಷ್ಟು ದಿನ ನುಂಗಿಕೊಂಡಿದ್ದ. ಇದನ್ನು ನುಂಗಲಾಗಲಿಲ್ಲ.

"ಅಕ್ಕ, ವಯಸ್ಸಲ್ಲ ಇದು. ನೀನು ಕುದಿಸಿ ಕುದಿಸಿ ಹಾಕ್ತೀಯಲ್ಲ, ಅದರಿಂದ ಆಗಿರೋದು. ನನಗೂ ಅದೇ, ನಿನಗೂ ಅದೇ. ಹಸಿ ಹಣ್ಣು ತಿಂದ್ರೆ ವಾಸಿ ಆಗುತ್ತೆ ಅಂತ ಡಾಕ್ಟ್ರು ಅವತ್ತೇ ಹೇಳಿದ್ರು. ನಾನೇ ನಿನಗೆ ಹೇಳಲಿಲ್ಲ."

ಬೈಯುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದ. ಅಕ್ಕ ಎರಡೂ ಮಾಡಲಿಲ್ಲ. ಎದ್ದು ಹೋಗಿ ಒಲೆ ಆರಿಸಿ ಬಂದು ಕೂತಳು.

"ಪುಟ್ಟ ಕೊನೇ ದಿನ ಏನು ಕೇಳ್ದ ಗೊತ್ತಾ? ಕಿತ್ತಳೆ. ಆಸ್ಪತ್ರೇಲಿ ಪಕ್ಕದ ಮಂಚದವರು ಸುಲೀತಾ ಇದ್ರು, ಆ ಕಡೆ ಕೈ ಚಾಚ್ದ. ಹಸೀದು ತಿಂದ್ರೆ ಸಾಯ್ತೀಯ ಅಂತ ಕೈ ಮೇಲೆ ಹೊಡೆದೆ. ಅಷ್ಟೊತ್ತಿಗೆ ಅವನಿಗೆ ಅಳೋಕೂ ಶಕ್ತಿ ಇರಲಿಲ್ಲ." ತನ್ನ ಅಂಗೈ ನೋಡಿಕೊಂಡಳು. "ಹಸೀದು ಕೆಟ್ಟದ್ದೇ ಆಗಿರಬೇಕು ಕಣೋ. ಇಲ್ಲದಿದ್ರೆ ನಾನು ಅವನಿಗೆ ಯಾಕೆ ಹೊಡೆದೆ?"

ತಾನೊಬ್ಬನೇ ಈ ಮನೆಯಲ್ಲಿ ಸಿಕ್ಕಿಕೊಂಡಿದ್ದೇನೆ ಎಂದುಕೊಂಡಿದ್ದನಲ್ಲ! ಅಕ್ಕ ಅವನಿಗಿಂತ ಎಷ್ಟೋ ವರ್ಷ ಮೊದಲೇ ಸಿಕ್ಕಿಕೊಂಡಿದ್ದಳು.

ಚೀಲದಿಂದ ಒಂದು ಹಣ್ಣು ತೆಗೆದು ಸುಲಿದ. ಒಂದು ತೊಳೆ ಬಾಯಿಗಿಟ್ಟುಕೊಂಡ. ಕೆಂಡ ಇಟ್ಟಂತಾಗಿ ಕಣ್ಣಿಂದ ನೀರು ಧಾರೆಯಾಗಿ ಇಳಿಯಿತು, ಆದರೂ ಅಗಿದು ನುಂಗಿದ. ಅಕ್ಕ ಅವನ ಮುಖವನ್ನೇ ನೋಡುತ್ತಿದ್ದಳು. ಬೇಡ ಎನ್ನಲಿಲ್ಲ. ಇನ್ನೊಂದು ತೊಳೆಯನ್ನು ಅವಳ ಅಂಗೈಯಲ್ಲಿಟ್ಟ. ಅವಳು ತಿನ್ನಲಿಲ್ಲ, ಹಿಡಿದುಕೊಂಡೇ ಕೂತಳು.

"ಅವತ್ತು ಕೊಟ್ಟಿದ್ರೂ ಪುಟ್ಟ ಉಳೀತಿರಲಿಲ್ಲ, ಅಕ್ಕ" ಎಂದ.

"ಉಳೀತಿರಲಿಲ್ಲ. ಅದು ನನಗೂ ಗೊತ್ತು" ಎಂದಳು ಅಕ್ಕ. "ಆದ್ರೆ ತಿಂದು ಹೋಗ್ತಿದ್ದ."