ಮಾವನ ಗುಳಿಗೆ, ಅಳಿಯನ ರಕ್ತ

ಮೊಣಕಾಲು ನೋವೆಂದು ದರ್ಜಿ ಒಂದೇ ಒಂದು ಸಲ ಗೊಣಗಿದ್ದ. ಅಷ್ಟಕ್ಕೇ ಅವನ ಮಾವ, ಅಂದರೆ ಹೆಂಡತಿಯ ತಂದೆ, ಬೇರು-ಸೊಪ್ಪು ಅರೆದು ಕೆಂಪು ಗುಳಿಗೆ ಕಟ್ಟಿ ಡಬ್ಬಿ ತುಂಬ ತಂದುಕೊಟ್ಟರು. ಮಾವನ ಮಾತು ಮೀರುವ ಗುಂಡಿಗೆ ದರ್ಜಿಗಿರಲಿಲ್ಲ. ಮೂರು ತಿಂಗಳು, ಹೊತ್ತಿಗೆರಡರಂತೆ ನುಂಗಿದ.

ಮೊಣಕಾಲು ಹಾಗೆಯೇ ಇತ್ತು, ಉಳಿದದ್ದೆಲ್ಲ ಕೆಟ್ಟಿತು. ಹೊಟ್ಟೆಯನ್ನು ಯಾರೋ ಒದ್ದೆ ಬಟ್ಟೆಯಂತೆ ಹಿಂಡುತ್ತಿದ್ದರು. ಮಲ ಕಟ್ಟಿತು, ಮುಖ ಬಿಳಿಚಿತು, ಕೈ ಸೋತಿತು. ಒಬ್ಬ ವಕೀಲರ ಪ್ಯಾಂಟಿನ ಎರಡೂ ಕಾಲುಗಳನ್ನು ಸೇರಿಸಿ ಹೊಲಿದುಬಿಟ್ಟ. ಮೂಲೆಯ ಪರದೆಯ ಹಿಂದೆ ಅದನ್ನು ತೊಡಲು ಹೋದ ವಕೀಲರು ಆ ಪರದೆಯ ಸಮೇತ ಅಂಗಡಿಯ ನಡುವೆ ಬಂದು ಬಿದ್ದ ಮೇಲೆ, ಹೆಂಡತಿ ಅವನನ್ನು ಆಸ್ಪತ್ರೆಗೆ ಎಳೆದೊಯ್ದಳು.

ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿದರು, ಸ್ಕ್ಯಾನ್ ಮಾಡಿಸಿದರು, ಏನೂ ಸಿಗಲಿಲ್ಲ. ಏನಾದರೂ ಔಷಧಿ ತೆಗೆದುಕೊಳ್ಳುತ್ತೀರಾ ಎಂದು ಮೂರು ಸಲ ಕೇಳಿದರು. ಮೂರು ಸಲವೂ ಇಲ್ಲವೆಂದ. ಕೊನೆಗೆ ಬಾಯಿ ತೆರೆಸಿದಾಗ, ಒಸಡಿನ ಅಂಚಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿದಂತೆ ನೀಲಿ ಗೆರೆ ಕಂಡಿತು.

"ಔಷಧಿ ಬಿಡಿ. ಬೇರೇನಾದ್ರೂ ನುಂಗ್ತೀರಾ?"

"ಮಾವ ಕೊಟ್ಟ ಗುಳಿಗೆ. ಅದು ಔಷಧಿ ಅಲ್ಲ ಡಾಕ್ಟ್ರೇ, ಬರೀ ಸೊಪ್ಪು."

ಆ ನೀಲಿ ಗೆರೆ ಸೀಸದ ವಿಷದ ಗುರುತು. ಪರೀಕ್ಷಿಸಿದಾಗ ಅವನ ರಕ್ತದಲ್ಲಿ ಸೀಸ ಸಿಕ್ಕಿತು, ಗುಳಿಗೆಯಲ್ಲೂ ಸಿಕ್ಕಿತು. ಮಾವನಿಗೆ ಬುಲಾವ್ ಹೋಯಿತು. ಸನ್ಮಾನಕ್ಕೆ ಕರೆದರೇನೋ ಎಂಬಂತೆ ಇಸ್ತ್ರಿ ಅಂಗಿ ತೊಟ್ಟು ಬಂದರು. ಸೊಪ್ಪಿನ ಗುಳಿಗೆ ಮಂಕಾಗಿ ಕಂಡಿತೆಂದು, ಹಾರ್ಡ್‌ವೇರ್ ಅಂಗಡಿಯಿಂದ ಗೇಟಿಗೆ ಬಳಿಯುವ ಬಣ್ಣದ ಕೆಂಪು ಪುಡಿ ತಂದು ಬೆರೆಸಿದ್ದನ್ನು ಹೆಮ್ಮೆಯಿಂದಲೇ ಹೇಳಿದರು.

"ಕಬ್ಬಿಣಕ್ಕೇ ತುಕ್ಕು ಹಿಡಿಯದ ಹಾಗೆ ಕಾಯುತ್ತಮ್ಮಾ. ನಮ್ಮ ಅಳಿಯಂದ್ರ ಮೊಣಕಾಲು ಯಾವ ಲೆಕ್ಕ?"

ಇವರೂ ನುಂಗಿರಬಹುದೆಂದು ಡಾಕ್ಟರಮ್ಮ ಗಾಬರಿಯಿಂದ ಮಾವನ ರಕ್ತವನ್ನೂ ಪರೀಕ್ಷಿಸಿದರು. ಅದು ಸ್ವಚ್ಛವಾಗಿತ್ತು. ಗುಳಿಗೆ ವಿಪರೀತ ಕಹಿ, ತಮ್ಮ ಗಂಟಲಲ್ಲಿ ಇಳಿಯಲೇ ಇಲ್ಲ ಎಂದು ಮಾವ ನೆಲ ನೋಡುತ್ತ ಒಪ್ಪಿಕೊಂಡರು. ದರ್ಜಿ ಅನ್ನಬೇಕಾದದ್ದನ್ನೂ ಸೇರಿಸಿ ಹೆಂಡತಿಯೇ ಅಪ್ಪನಿಗೆ ಅಂದಳು.

ಸೀಸವನ್ನು ಹಿಡಿದು ಮೂತ್ರದಲ್ಲಿ ಹೊರಗೆ ಸಾಗಿಸುವ ಮಾತ್ರೆ ಆಸ್ಪತ್ರೆಯಲ್ಲೇ ಹತ್ತೊಂಬತ್ತು ದಿನ ನಡೆಯಿತು. ಆ ಮಾತ್ರೆಗೆ ಕೊಳೆತ ಮೊಟ್ಟೆಯ ವಾಸನೆ. ದರ್ಜಿಯ ಬೆವರಿಗೂ ಅದೇ ಹತ್ತಿಕೊಂಡಿತು. ಪಕ್ಕದ ಮಂಚದವನು ಬೇರೆ ವಾರ್ಡ್ ಕೇಳಿಕೊಂಡು ಹೋದ, ಹೆಂಡತಿ ಬಾಗಿಲಿನಿಂದಲೇ ಮಾತಾಡಿಸಿದಳು. ಮಾವ ಮಾತ್ರ ದಿನವೂ ಬಂದು, ಮೂಗಿಗೆ ಕೈಯನ್ನೂ ಅಡ್ಡ ಹಿಡಿಯದೆ, ಅವನ ತಲೆದಿಂಬಿನ ಪಕ್ಕವೇ ಕೂತು ಪತ್ರಿಕೆ ಓದಿ ಹೇಳಿದರು.