ಮೂರನೆಯ ಜಾಡಿ

ಮಗಳನ್ನು ಕೊಟ್ಟು ಹನ್ನೆರಡು ವರ್ಷವಾದರೂ ಗರ್ಟ್ರೂಡ್ ಬಾಯಿಯವರು ಅಳಿಯ ಆಲ್‌ಸ್ಟನ್‌ನ ಬಗ್ಗೆ ಒಂದು ಒಳ್ಳೆಯ ಮಾತಾಡಿರಲಿಲ್ಲ. ಬಜಪೆಯಲ್ಲಿ ಆಕೆಯ ದ್ರಾಕ್ಷಿ ವೈನ್ ಎಂದರೆ ಪಾದ್ರಿಗಳೂ ಇನ್ನೊಂದು ಲೋಟ ಕೇಳುವಂಥದ್ದು. ಅಂಥವರು ತಮ್ಮ ಎಪ್ಪತ್ತನೇ ಹುಟ್ಟುಹಬ್ಬಕ್ಕೆ ಬಹ್ರೈನಿನ ಮಗಳ ಮನೆಗೆ ಬರುತ್ತಾರೆಂದು ತಿಳಿದದ್ದೇ ಅಳಿಯ ಹಠ ತೊಟ್ಟ: ಜುಫೈರಿನ ತನ್ನ ಫ್ಲ್ಯಾಟಿನಲ್ಲೇ ಬಿಯರ್ ಮಾಡಿ, ಆಕೆಯಿಂದ 'ಪರವಾಗಿಲ್ಲ' ಎನ್ನಿಸಿಯೇ ತೀರುವುದು.

ಮೊದಲ ಸಲ ಅತ್ತೆಯ ವೈನಿನ ಕ್ರಮವನ್ನೇ ಹಿಡಿದ. ಅವರು ಭರಣಿಗೆ ಕಂಬಳಿ ಸುತ್ತುತ್ತಾರಲ್ಲ, ಇವನೂ ಜಾಡಿಗೆ ಕಂಬಳಿ ಸುತ್ತಿ ಬಾಲ್ಕನಿಯಲ್ಲಿಟ್ಟ. ಜೂನ್ ತಿಂಗಳ ಬಹ್ರೈನಿನಲ್ಲಿ ಕಂಬಳಿ ಹೊದಿಸಿದ ಪುಣ್ಯಾತ್ಮ ಇವನೊಬ್ಬನೇ ಇರಬೇಕು. ವಿಡಿಯೊ ಕಾಲ್‌ನಲ್ಲಿ ಅತ್ತೆ ಬಣ್ಣ ನೋಡಿದರು, ವಾಸನೆ ಹೇಗಿದೆಯೆಂದು ಮಗಳನ್ನು ಕೇಳಿದರು. "ಚೆಲ್ಲಬೇಡ ಪುತಾ, ಹಂದಿ ಮಾಂಸಕ್ಕೆ ವಿನಿಗರ್ ಆಯ್ತು," ಎಂದರು ಅಳಿಯನಿಗೆ.

ಎರಡನೇ ಸಲ, ಬಾಟಲಿಗೆ ಒಂದು ಚಮಚ ಸಕ್ಕರೆ ಸಾಕಾಗುವಲ್ಲಿ, ಅತ್ತೆಯ ವೈನಿನ ರೂಢಿಯಂತೆ ಮೂರು ಹಾಕಿದ. ಶುಕ್ರವಾರ ಬೆಳಿಗ್ಗೆ ಕಪಾಟಿನೊಳಗೆ ನಾಲ್ಕು ಬಾಟಲಿ ಗ್ಯಾಸ್ ತುಂಬಿ ಒಂದರ ಹಿಂದೊಂದು ಸಿಡಿದವು.

"ಬಿಯರ್ ಬೇಕಾದ್ರೆ ಅಂಗಡಿ ಉಂಟಲ್ಲ ಮಾರಾಯಾ," ಎಂದಳು ಹೆಂಡತಿ ನತಾಶಾ, ಗೋಡೆ ಒರೆಸುತ್ತ.

ಕೆಟ್ಟ ಮೇಲೆ ಬುದ್ಧಿ ಬಂತು. ಬಿಯರ್ ಹುದುಗು ಬರಲು ತಂಪು ಬೇಕೆಂದು ಆಲ್‌ಸ್ಟನ್ ಓದಿ ತಿಳಿದ. ಮನೆಯಲ್ಲಿ ಹದಿನೆಂಟು ಡಿಗ್ರಿಗೆ ಇಳಿಯುವ ಎಸಿ ಒಂದೇ, ಅತಿಥಿ ಕೋಣೆಯದು. ಮೂರನೆಯ ಜಾಡಿಯನ್ನು ಗುಟ್ಟಾಗಿ ಅಲ್ಲಿಯೇ ಪರದೆಯ ಹಿಂದೆ ಕೂರಿಸಿದ. ಎರಡೇ ದಿನಕ್ಕೆ, ಹೇಳಿದ್ದಕ್ಕಿಂತ ವಾರ ಮೊದಲೇ, ಅತ್ತೆ ಬಂದಿಳಿದರು. "ಎಸಿ ಅಂದ್ರೆ ನನಗೆ ಆಗುದಿಲ್ಲ, ಮೊಣಕಾಲು ಹಿಡಿಯುತ್ತದೆ," ಎನ್ನುತ್ತಲೇ ಆ ಕೋಣೆ ಹೊಕ್ಕರು.

ಗುಟ್ಟು ಬಿಡುವಂತಿಲ್ಲ, ಎಸಿ ಇರಲಿ ಎನ್ನಲು ಬಾಯಿಯಿಲ್ಲ. ಮರುದಿನ ಹಿದ್ ಬಂದರಿನ ತನ್ನ ಆಫೀಸಿನಲ್ಲಿ ಅವನಿಗೆ ಚಹಾ ಕೂಡ ವಿನಿಗರ್ ವಾಸನೆ ಹೊಡೆಯಿತು. ಸಂಜೆ ಓಡೋಡಿ ಬಂದು ಅತ್ತೆಯ ಬಾಗಿಲು ತೆರೆದ.

ಕೋಣೆ ಗಡಗಡ ನಡುಗಿಸುವಷ್ಟು ತಣ್ಣಗಿತ್ತು. ಅತ್ತೆ ಸ್ವೆಟರ್ ಮೇಲೆ ಸ್ವೆಟರ್ ಹಾಕಿ, ತಲೆಗೆ ಮಫ್ಲರ್ ಸುತ್ತಿ, ಜಪಸರ ಹಿಡಿದು ಕೂತಿದ್ದರು. ಪರದೆ ಸರಿದಿತ್ತು. ಜಾಡಿ ಗುಳುಕ್ ಗುಳುಕ್ ಎನ್ನುತ್ತಿತ್ತು.

"ಮಾಂಯ್, ಎಸಿ ಆಫ್ ಮಾಡಬಹುದಿತ್ತಲ್ಲ," ಎಂದ ಆಲ್‌ಸ್ಟನ್.

"ಕಂಬಳಿ ಸುತ್ತದೆ ತಂಪಲ್ಲಿಟ್ಟಿದ್ದಿ. ಈ ಸಲ ಬುದ್ಧಿ ಉಪಯೋಗಿಸಿದ್ದಿ," ಎಂದರು ಅತ್ತೆ, ಹಲ್ಲು ಕಟಕಟ ಅನ್ನುತ್ತಿರುವಾಗಲೇ. "ನನಗೆ ಚಳಿಯಾದ್ರೆ ಇನ್ನೊಂದು ಸ್ವೆಟರ್ ಹಾಕ್ತೇನೆ ಪುತಾ. ಇದಕ್ಕೆ ಸೆಕೆಯಾದ್ರೆ ಇದು ಎಂತ ತೆಗೆಯುದು?"